ಹೂವು ಬೇಕು, ಪ್ಲಾಸ್ಟಿಕ್ ಸೂರು ಬೇಡ

ಮಲೆನಾಡಿನ ಅಡಿಕೆ ತೋಟಗಳು ಇಂದು ಎರಡು ರೋಗಗಳ ನಡುವೆ ನಿಂತಿವೆ. ಶೃಂಗೇರಿ, ಕೊಪ್ಪ ಭಾಗಗಳಲ್ಲಿ ದಶಕಗಳಿಂದ ತೋಟಗಳನ್ನು ಬೋಳು ಮಾಡುತ್ತ ಬಂದ ಹಳದಿ ಎಲೆ ರೋಗ ಒಂದು. ತೀರ್ಥಹಳ್ಳಿ, ಹೊಸನಗರಗಳ ಕಡೆ ಇತ್ತೀಚಿನ ವರ್ಷಗಳಲ್ಲಿ ಸೋಗೆಗಳನ್ನು ಸುಟ್ಟಂತೆ ಒಣಗಿಸುತ್ತಿರುವ ಎಲೆಚುಕ್ಕೆ ರೋಗ ಇನ್ನೊಂದು. ಎರಡು ಎಕರೆ ತೋಟವನ್ನೇ ನಂಬಿದ ಕುಟುಂಬ ‘ಮುಂದೇನು?’ ಎಂದು ಕೇಳಿದಾಗ ದೊರೆಯುವ ಸಿದ್ಧ ಉತ್ತರಗಳಲ್ಲಿ ಪುಷ್ಪಕೃಷಿಯೂ ಒಂದು. ಉತ್ತರ ತಪ್ಪಲ್ಲ. ಅದರೊಂದಿಗೆ ಬರುವ ನಕ್ಷೆ ತಪ್ಪು. ಹೂವು ಎಂದೊಡನೆ ಕಬ್ಬಿಣದ ಕೊಳವೆ, ಪ್ಲಾಸ್ಟಿಕ್ ಹಾಳೆ, ಜರ್ಬೆರಾ ಸಸಿ, ಹನಿ ನೀರಾವರಿಗೆ ಬೆರೆಸುವ ರಸಗೊಬ್ಬರ, ಬ್ಯಾಂಕಿನ ಸಾಲ ಎಲ್ಲವೂ ಒಂದೇ ಕಟ್ಟಿನಲ್ಲಿ ಬಂದಿಳಿಯುತ್ತವೆ. ಆ ಕಟ್ಟಿನಲ್ಲಿ ಇಲ್ಲದಿರುವುದು ಮಲೆನಾಡು ಮಾತ್ರ.

ಮಲೆನಾಡಿನ ಸಣ್ಣ ಹಿಡುವಳಿಯಲ್ಲಿ ಹೂವು ಬೆಳೆಯಬೇಕು. ಅದು ತೆರೆದ ಮಣ್ಣಿನಲ್ಲಿ, ಮರಗಳ ನೆರಳಿನ ಅಂಚಿನಲ್ಲಿ, ಹಲವು ಬಗೆಗಳ ಮಿಶ್ರಣವಾಗಿ, ಮೊದಲು ಹತ್ತಿರದ ಪೇಟೆಗಾಗಿ ಬೆಳೆಯಬೇಕು. ಸಾರ್ವಜನಿಕ ಹಣ ಸಲ್ಲಬೇಕಾದದ್ದೂ ಆ ಕೃಷಿಗೇ. ಇದು ಹಳೆಯದರ ಮೇಲಿನ ಮೋಹದಿಂದ ಹುಟ್ಟಿದ ವಾದವಲ್ಲ. ಮಳೆ, ಮಣ್ಣು ಮತ್ತು ರೂಪಾಯಿ ಈ ಮೂರರ ಲೆಕ್ಕವೂ ಇದನ್ನೇ ಹೇಳುತ್ತದೆ.

ಬಯಲಿನ ಮನೆ, ಬೆಟ್ಟದ ಮಳೆ

ಪಾಲಿಹೌಸನ್ನು ಕೆಟ್ಟ ತಂತ್ರಜ್ಞಾನವೆಂದು ತಳ್ಳಿಹಾಕಬೇಕಿಲ್ಲ. ವರ್ಷಕ್ಕೆ 900 ಮಿ.ಮೀ. ಆಸುಪಾಸಿನ ಮಳೆ, ಧಾರಾಳ ಬಿಸಿಲು, ಸಮತಟ್ಟಾದ ನೆಲ, ಒಂದೆರಡು ಗಂಟೆಯ ದಾರಿಯಲ್ಲಿ ಬೆಂಗಳೂರಿನ ಮಾರುಕಟ್ಟೆ. ಈ ನಾಲ್ಕೂ ಕೂಡಿಬಂದ ದೊಡ್ಡಬಳ್ಳಾಪುರದಂತಹ ಕಡೆ ಅದು ಕೆಲಸ ಮಾಡುತ್ತದೆ. ಮಲೆನಾಡಿನಲ್ಲಿ ಈ ನಾಲ್ಕರಲ್ಲಿ ಒಂದೂ ಇಲ್ಲ. ಘಟ್ಟದ ಅಂಚಿನ ಹಳ್ಳಿಗಳಿಗೆ 3,000 ಮಿ.ಮೀ. ಮಳೆ ಸಾಮಾನ್ಯ ಸಂಗತಿ. ಆಗುಂಬೆಯಲ್ಲಿ ಅದು 7,000 ಮಿ.ಮೀ. ದಾಟುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೆಳಕೇ ದುರ್ಲಭ. ಆ ಅಲ್ಪ ಬೆಳಕಿನಲ್ಲೂ ಒಂದು ಪಾಲನ್ನು ಹಾಳೆ ತಡೆಯುತ್ತದೆ, ಇನ್ನೊಂದು ಪಾಲನ್ನು ಹಾಳೆಯ ಮೇಲೆ ಕಟ್ಟುವ ಪಾಚಿ ತಡೆಯುತ್ತದೆ. ಒಳಗಿನ ತೇವಾಂಶ ಇಳಿಯುವುದಿಲ್ಲ. ಎಸಳಿನ ಮೇಲೆ ಬೂದುಬಣ್ಣದ ಬೂಷ್ಟು, ಬುಡದಲ್ಲಿ ಕೊಳೆ. ಮಳೆಯಿಂದ ಕಾಯಲೆಂದು ಕಟ್ಟಿದ ಮನೆಯೇ ರೋಗದ ಮನೆಯಾಗಿ, ಶಿಲೀಂಧ್ರನಾಶಕದ ಸಿಂಪಡಣೆ ನಿತ್ಯಕರ್ಮವಾಗುತ್ತದೆ.

ಸೂರಿನ ಮೇಲೆ ಬಿದ್ದ ನೀರಿನ ಗತಿಯನ್ನು ಯೋಜನಾ ವರದಿಗಳು ಕೇಳುವುದೇ ಇಲ್ಲ. ಹತ್ತು ಗುಂಟೆ, ಅಂದರೆ ಸುಮಾರು 1,000 ಚದರ ಮೀಟರ್ ಹಾಳೆಯ ಮೇಲೆ 3,000 ಮಿ.ಮೀ. ಮಳೆ ಸುರಿದರೆ ಆಗುವುದು 30 ಲಕ್ಷ ಲೀಟರ್ ನೀರು. ಅದೇ ನೆಲದಲ್ಲಿ ಗಿಡವೂ ದರಗೆಲೆಯೂ ಇದ್ದಿದ್ದರೆ ಆ ನೀರಿನ ಒಳ್ಳೆಯ ಭಾಗ ನಿಧಾನವಾಗಿ ಇಂಗಿ, ಫೆಬ್ರವರಿ–ಮಾರ್ಚ್‌ನಲ್ಲಿ ಕೆಳಗಿನ ತೋಟದ ಒರತೆಯಾಗುತ್ತಿತ್ತು. ಈಗ ಅದು ನಾಲ್ಕು ತಿಂಗಳಲ್ಲಿ, ಒಂದೇ ಕಾಲುವೆಯಲ್ಲಿ, ಇಳಿಜಾರಿನ ಮಣ್ಣನ್ನು ಕಿತ್ತುಕೊಂಡು ಹಳ್ಳ ಸೇರುತ್ತದೆ. ನೀರು ಸಂಗ್ರಹಿಸಬಹುದಲ್ಲ ಎನ್ನುವವರು 30 ಲಕ್ಷ ಲೀಟರಿನ ಹೊಂಡಕ್ಕೆ ಇನ್ನೆಷ್ಟು ಗುಂಟೆ ಬೇಕೆಂದೂ ಹೇಳಬೇಕು.

ಪಾಲಿಹೌಸಿಗೆ ಸಮತಟ್ಟು ನೆಲ ಬೇಕು, ಮಲೆನಾಡಿನಲ್ಲಿ ಸಮತಟ್ಟು ನೆಲವೆಂದರೆ ಗದ್ದೆ. ಗದ್ದೆಯನ್ನು ಬಿಟ್ಟರೆ ಜೆಸಿಬಿಯಿಂದ ಗುಡ್ಡ ಕಡಿಯಬೇಕು. ಜರ್ಬೆರಾದ ಏರುಮಡಿಗೆ ರೂಢಿಯ ಶಿಫಾರಸು ಶೇ. 70 ಕೆಂಪುಮಣ್ಣು, ಶೇ. 20 ಕೊಟ್ಟಿಗೆ ಗೊಬ್ಬರ, ಶೇ. 10 ಭತ್ತದ ಹೊಟ್ಟು. ಒಂದೂವರೆ ಅಡಿ ಎತ್ತರದ ಮಡಿಗಳು ಹತ್ತು ಗುಂಟೆಯ ಶೇ. 60ರಷ್ಟು ನೆಲವನ್ನು ಆವರಿಸಿದರೂ ಸುಮಾರು 190 ಘನ ಮೀಟರ್ ಕೆಂಪುಮಣ್ಣು ಬೇಕಾಗುತ್ತದೆ. ಅದು ಬರುವುದು ಯಾವುದೋ ಗುಡ್ಡದ ಧರೆಯಿಂದ. 2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ, 2019ರ ಆಗಸ್ಟ್‌ನಲ್ಲಿ ಮೂಡಿಗೆರೆಯ ಹಳ್ಳಿಗಳಲ್ಲಿ ಗುಡ್ಡಗಳು ಜಾರಿದ್ದನ್ನು ಕಂಡ ನಾಡು ಇಳಿಜಾರನ್ನು ಕಡಿಯುವ ಪ್ರತಿಯೊಂದು ಯೋಜನೆಯನ್ನೂ ಎರಡು ಬಾರಿ ಪ್ರಶ್ನಿಸಬೇಕಿತ್ತು.

ಸಹಾಯಧನ ಯಾರಿಗೆ ಸಹಾಯ?

2005–06ರಲ್ಲಿ ರಾಷ್ಟ್ರೀಯ ತೋಟಗಾರಿಕಾ ಮಿಷನ್ ಆರಂಭವಾಯಿತು. 2014ರಲ್ಲಿ ಅದು ಸಮಗ್ರ ತೋಟಗಾರಿಕೆ ಅಭಿವೃದ್ಧಿ ಮಿಷನ್‌ನಲ್ಲಿ ಸೇರಿತು. ಆ ವರ್ಷದ ಮಾರ್ಗಸೂಚಿಯ ದರಗಳನ್ನೇ ಇಟ್ಟುಕೊಂಡು ಲೆಕ್ಕ ಹಾಕಬಹುದು. ಹತ್ತು ಗುಂಟೆಯ ಸಾಧಾರಣ ಪಾಲಿಹೌಸಿಗೆ ಚದರ ಮೀಟರಿಗೆ 935 ರೂಪಾಯಿಯಂತೆ 9.35 ಲಕ್ಷ, ಜರ್ಬೆರಾ ಸಸಿ ಮತ್ತು ಬೇಸಾಯಕ್ಕೆ 610 ರೂಪಾಯಿಯಂತೆ 6.1 ಲಕ್ಷ. ಒಟ್ಟು 15.45 ಲಕ್ಷ. ಇದರಲ್ಲಿ ಶೇ. 50 ಸಹಾಯಧನ. ಉಳಿದ ಏಳೂಮುಕ್ಕಾಲು ಲಕ್ಷ ಫಲಾನುಭವಿಯ ಹೆಗಲಿಗೆ. ಅಡಿಕೆ ಕೈಕೊಟ್ಟ ಸಣ್ಣ ರೈತನಿಗೆ ಆ ಹಣ ಹುಟ್ಟುವುದು ತೋಟದ ಪಹಣಿಯನ್ನು ಅಡವಿಟ್ಟಾಗ ಮಾತ್ರ.

ಸಹಾಯಧನದ ಅರ್ಧವೂ ರೈತನ ಅರ್ಧವೂ ಕೊನೆಗೆ ಹೋಗಿ ಸೇರುವುದು ಕೊಳವೆ, ಹಾಳೆ ಮತ್ತು ಅಂಗಾಂಶ ಕೃಷಿಯ ಸಸಿ ಮಾರುವವರನ್ನು. ಹಾಳೆಯ ಆಯುಷ್ಯ ಮೂರು–ನಾಲ್ಕು ವರ್ಷ. ಮಲೆನಾಡಿನ ಆಷಾಢದ ಗಾಳಿಗೆ ಅಷ್ಟೂ ಬಾಳದಿರಬಹುದು. ಜರ್ಬೆರಾ ಗಿಡದ ಇಳುವರಿಯೂ ಎರಡು–ಮೂರು ವರ್ಷಗಳಲ್ಲಿ ಇಳಿಯುತ್ತದೆ. ಎರಡನೆಯ ಸುತ್ತಿನ ಖರ್ಚಿಗೆ ನೆರವಾಗಬೇಕಾದದ್ದು ಮೊದಲ ಸುತ್ತಿನ ಲಾಭ. ಅದು ಬಾರದಿದ್ದರೆ ಹರಿದ ಹಾಳೆ ಮತ್ತು ತುಕ್ಕು ಹಿಡಿದ ಕೊಳವೆ ಉಳಿಯುತ್ತವೆ. ಅಂತಹ ಅಸ್ಥಿಪಂಜರಗಳನ್ನು ನೋಡಲು ಮಲೆನಾಡಿನಲ್ಲಿ ಬಹಳ ದೂರ ಹೋಗಬೇಕಿಲ್ಲ.

ಮಾರುಕಟ್ಟೆಯ ಪ್ರಶ್ನೆ ಇನ್ನೂ ಸರಳ. ಜರ್ಬೆರಾವನ್ನು ಯಾರೂ ಮುಡಿಯುವುದಿಲ್ಲ. ಮನೆಯ ದೇವರಿಗೂ ಅದು ಏರುವುದಿಲ್ಲ. ಅದರ ಬೇಡಿಕೆ ಮದುವೆ ಮಂಟಪ ಮತ್ತು ಸಮಾರಂಭಗಳ ಅಲಂಕಾರಕ್ಕೆ. ಆಷಾಢದಲ್ಲಿ ಮದುವೆಗಳಿಲ್ಲ. 2020ರ ಮಾರ್ಚ್‌ನಲ್ಲಿ ಸಮಾರಂಭಗಳೂ ಮಾರುಕಟ್ಟೆಗಳೂ ಒಂದೇ ದಿನ ಮುಚ್ಚಿದಾಗ ರಾಜ್ಯದ ಹೂವಿನ ಬೆಳೆಗಾರರು ಕೊಯ್ದ ಹೂವನ್ನು ತಿಪ್ಪೆಗೆ ಸುರಿದರು. ಆ ಮೇ ತಿಂಗಳಲ್ಲಿ ಸರ್ಕಾರ ಪ್ರಕಟಿಸಿದ ಪರಿಹಾರ ಹೆಕ್ಟೇರಿಗೆ 25,000 ರೂಪಾಯಿ. ಹತ್ತು ಗುಂಟೆಯ ಪಾಲಿಹೌಸಿಗೆ ಅದು ಎರಡೂವರೆ ಸಾವಿರವಾಗುತ್ತದೆ. ಏಳೂಮುಕ್ಕಾಲು ಲಕ್ಷದ ಸಾಲದ ಎದುರು ಎರಡೂವರೆ ಸಾವಿರ!

ರಫ್ತಿನ ಕನಸನ್ನೂ ರಾಜ್ಯ ಕಂಡು ಮುಗಿಸಿದೆ. 1990ರ ದಶಕದಲ್ಲಿ ಬೆಂಗಳೂರು–ಹೊಸೂರು ಸುತ್ತ ಗುಲಾಬಿ ರಫ್ತಿಗೆಂದು ಎದ್ದ ಘಟಕಗಳಲ್ಲಿ ಹಲವು ಕೆಲವೇ ವರ್ಷಗಳಲ್ಲಿ ಸೊರಗಿದವು. ಗೆದ್ದ ದೇಶದ ಕಥೆಯೂ ಸುಖದ್ದಲ್ಲ. ಯೂರೋಪಿಗೆ ಗುಲಾಬಿ ಕಳುಹಿಸುವ ಕೀನ್ಯಾದ ನೈವಾಷಾ ಸರೋವರದ ದಡದಲ್ಲಿ ಒಂದು ಹೂವಿಗೆ 7ರಿಂದ 13 ಲೀಟರ್ ನೀರು ತಗಲುತ್ತದೆಂದು ಜಲವಿಜ್ಞಾನಿಗಳು ಅಂದಾಜಿಸಿದ್ದಾರೆ. ಹೂವಿನ ಜೊತೆ ಸರೋವರವೂ ವಿಮಾನ ಹತ್ತುತ್ತದೆ ಎಂದೇ ಅರ್ಥ.

ವಿಷಕ್ಕೆ ಮಿತಿಯಿಲ್ಲದ ಬೆಳೆ

ತರಕಾರಿಯಲ್ಲಿ, ಧಾನ್ಯದಲ್ಲಿ ಕೀಟನಾಶಕದ ಶೇಷ ಎಷ್ಟಿರಬಹುದೆಂಬುದಕ್ಕೆ ಕಾನೂನಿನ ಮಿತಿಯಿದೆ. ಪಾಲನೆ ಹೇಗೇ ಇರಲಿ, ಮಿತಿಯಂತೂ ಇದೆ. ಹೂವಿಗೆ ಅದೂ ಇಲ್ಲ. ಅದು ತಿನ್ನುವ ಪದಾರ್ಥವಲ್ಲ ಎಂಬುದೇ ಕಾರಣ. ಬೆಲ್ಜಿಯಂ ದೇಶದಲ್ಲಿ ಮಾರಾಟಕ್ಕಿದ್ದ ಗುಲಾಬಿ, ಜರ್ಬೆರಾ, ಸೇವಂತಿಗೆಯ 90 ಹೂಗುಚ್ಛಗಳನ್ನು ಪರೀಕ್ಷಿಸಿದ, 2016ರಲ್ಲಿ ಪ್ರಕಟವಾದ ಅಧ್ಯಯನವೊಂದು ಅವುಗಳಲ್ಲಿ ಒಟ್ಟು 107 ಬಗೆಯ ಕೀಟನಾಶಕ–ಶಿಲೀಂಧ್ರನಾಶಕಗಳ ಶೇಷವನ್ನು ಪತ್ತೆಹಚ್ಚಿತು. ಹೂವನ್ನು ದಿನವಿಡೀ ಮುಟ್ಟುವ ಅಂಗಡಿಯವರ ಆರೋಗ್ಯವೇ ಆ ಅಧ್ಯಯನದ ಕಾಳಜಿಯಾಗಿತ್ತು.

ಈ ನಾಡಿನಲ್ಲಿ ಹೂವು ಅದಕ್ಕಿಂತ ಹತ್ತಿರದ ವಸ್ತು. ಅದನ್ನು ಬರಿಗೈಯಲ್ಲಿ ಕೊಯ್ಯುತ್ತಾರೆ, ತೊಡೆಯ ಮೇಲೆ ಹರವಿಕೊಂಡು ಕಟ್ಟುತ್ತಾರೆ, ಮಕ್ಕಳ ಜಡೆಗೆ ಮುಡಿಸುತ್ತಾರೆ, ಪ್ರಸಾದವೆಂದು ಕಣ್ಣಿಗೊತ್ತಿಕೊಳ್ಳುತ್ತಾರೆ. ಮುಚ್ಚಿದ ಪಾಲಿಹೌಸಿನಲ್ಲಿ ಬೆಳಗ್ಗೆ ಸಿಂಪಡಿಸಿದ ವಿಷ ಸಂಜೆಯಾದರೂ ಒಳಗೇ ಸುಳಿಯುತ್ತಿರುತ್ತದೆ. ಅಲ್ಲಿ ಕಳೆ ಕೀಳುವವರು, ಹೂ ಬಿಡಿಸುವವರು ಬಹುಪಾಲು ದಿನಗೂಲಿಯ ಹೆಂಗಸರು. ಬಯಲಿನ ತೆರೆದ ಹೊಲಗಳಲ್ಲಿ ಬೆಳೆಯುವ ಸೇವಂತಿಗೆ, ಕನಕಾಂಬರಗಳೂ ಈ ದೋಷದಿಂದ ಮುಕ್ತವಲ್ಲ ಎಂಬುದನ್ನು ಒಪ್ಪಲೇಬೇಕು. ಆದ್ದರಿಂದ ಸೂರು ತೆಗೆದುಬಿಟ್ಟರೆ ಮುಗಿಯಲಿಲ್ಲ, ಬೆಳೆಯುವ ಕ್ರಮವೇ ಬದಲಾಗಬೇಕು.

ಅಂಗಳದಲ್ಲಿರುವ ವಿಜ್ಞಾನ

ಆ ಬದಲಿ ಕ್ರಮವನ್ನು ಹೊರಗಿನಿಂದ ತರಬೇಕಾಗಿಲ್ಲ. ಮಲೆನಾಡಿನ ಹೆಂಗಸರು ಡೇರೆ ಬೆಳೆಯುವುದನ್ನೇ ನೋಡಬಹುದು. ಹೂ ಮುಗಿದ ಮೇಲೆ ಗಡ್ಡೆಯನ್ನು ಅಗೆದು, ಬೂದಿಯಲ್ಲೋ ಒಣ ಮರಳಿನಲ್ಲೋ ಇಟ್ಟು ಬೇಸಗೆ ಕಳೆಯುತ್ತಾರೆ. ಮುಂಗಾರಿನ ಮೊದಲ ಮಳೆಗೆ ಮಣ್ಣು ಏರಿಸಿ ಊರುತ್ತಾರೆ. ಬಯಲಿನ ಹೂಗಳು ಮಳೆಗೆ ಕರಗುವ ಶ್ರಾವಣದಲ್ಲಿ ಡೇರೆ ಅರಳುತ್ತದೆ. ತವರಿಗೆ ಹೋದವರು ಹೊಸ ಬಣ್ಣದ ಗಡ್ಡೆ ತರುತ್ತಾರೆ, ನೆರೆಯವರಿಗೆ ಒಂದು ಕೊಡುತ್ತಾರೆ. ಗಡ್ಡೆಗೆ ಬೆಲೆಯಿಲ್ಲ, ಪೇಟೆಂಟಿಲ್ಲ, ಪ್ರತಿ ವರ್ಷದ ಖರೀದಿಯಿಲ್ಲ. ಶಿರಸಿ ಭಾಗದಲ್ಲಿ 2001ರಿಂದ ಕೆಲಸ ಮಾಡುತ್ತ ಬಂದ ‘ವನಸ್ತ್ರೀ’ ಬಳಗ ಇಂತಹ ಕೈತೋಟ ಮತ್ತು ಬೀಜ ವಿನಿಮಯವನ್ನೇ ಆಂದೋಲನವಾಗಿಸಿತು.

ಡೇರೆಯ ಮೂಲ ಮೆಕ್ಸಿಕೋ. ಚೆಂಡುಹೂವಿನದೂ ಅದೇ. ಆದ್ದರಿಂದ ಪ್ರಶ್ನೆ ದೇಶಿಯೋ ವಿದೇಶಿಯೋ ಎಂಬುದಲ್ಲ. ಗಿಡ ಇಲ್ಲಿನ ಮಳೆಗೆ ಒಗ್ಗುತ್ತದೆಯೇ, ಅದರ ಬೀಜ–ಗಡ್ಡೆ ಬೆಳೆಗಾರರ ಕೈಯಲ್ಲಿ ಉಳಿಯುತ್ತದೆಯೇ, ಬೇಲಿ ದಾಟಿ ಕಾಡು ನುಂಗದೆ ಇರುತ್ತದೆಯೇ? ಈ ಮೂರು ಪರೀಕ್ಷೆ ಸಾಕು.

ಹತ್ತು ಗುಂಟೆಯ ಹೂದೋಟ ಹೀಗಿರಬಹುದು. ಬೇಲಿಗೆ ದಾಸವಾಳ, ನಂದಿಬಟ್ಟಲು, ಪಾರಿಜಾತ. ಮೂಲೆಯಲ್ಲಿ ಒಂದೆರಡು ಸಂಪಿಗೆ, ಒಂದು ರಂಜ. ಬಿಸಿಲು ಬೀಳುವಲ್ಲಿ ಮಲ್ಲಿಗೆ, ಅರೆನೆರಳಿನಲ್ಲಿ ಕನಕಾಂಬರ. ಮಳೆಗಾಲಕ್ಕೆ ಡೇರೆ, ದಸರಾ–ದೀಪಾವಳಿಗೆ ಚೆಂಡುಹೂವು, ಚಳಿಗಾಲಕ್ಕೆ ಸೇವಂತಿಗೆ. ಸೇವಂತಿಗೆ ಹಗಲು ಕಿರಿದಾದಾಗ ತಾನಾಗಿ ಮೊಗ್ಗು ಕಟ್ಟುವ ಗಿಡ. ಅದನ್ನು ವರ್ಷವಿಡೀ ಅರಳಿಸಲೆಂದೇ ಪಾಲಿಹೌಸಿನಲ್ಲಿ ದೀಪ ಉರಿಸಿ, ಕರಿಬಟ್ಟೆ ಹೊದಿಸಿ ಗಿಡಕ್ಕೆ ಸುಳ್ಳು ಋತು ತೋರಿಸುತ್ತಾರೆ. ಋತುವಿಗೆ ಕಾಯುವ ತೋಟಕ್ಕೆ ಆ ಖರ್ಚಿಲ್ಲ. ಆಂಥೂರಿಯಂ, ಹೆಲಿಕೋನಿಯಾ ಬೇಕೆನ್ನುವವರಿಗೆ ಅಡಿಕೆ ಮರದ ನೆರಳೇ ಇದೆ, ಬಲೆಯ ಮನೆ ಬೇಕಿಲ್ಲ.

ಮಳೆಯ ನಾಡಿನಲ್ಲಿ ಹೂವಿನ ಬೇಸಾಯವೆಂದರೆ ಅರ್ಧ ಬಸಿಗಾಲುವೆಯ ಬೇಸಾಯ. ಇಳಿಜಾರಿಗೆ ಅಡ್ಡವಾಗಿ ಏರುಮಡಿ, ಮಡಿಗಳ ನಡುವೆ ಬಸಿಗಾಲುವೆ, ಮಡಿಯ ಮೇಲೆ ಅಡಿಕೆ ಸಿಪ್ಪೆ ಅಥವಾ ದರಗೆಲೆಯ ಹೊದಿಕೆ. ಜಂಬಿಟ್ಟಿಗೆಯ ಮಣ್ಣು ಸಾಮಾನ್ಯವಾಗಿ ಹುಳಿ; ಬಚ್ಚಲೊಲೆಯ ಬೂದಿ ಹುಳಿಯನ್ನು ತಗ್ಗಿಸುತ್ತದೆ, ಪೊಟ್ಯಾಶನ್ನೂ ಕೊಡುತ್ತದೆ. ಬುಡ ಕೊಳೆಯುವ ಗಿಡಗಳಿಗೆ ಟ್ರೈಕೋಡರ್ಮಾ ಬೆರೆಸಿ ಕಳಿಸಿದ ಕೊಟ್ಟಿಗೆ ಗೊಬ್ಬರ. ಕನಕಾಂಬರವನ್ನು ಕಾಡುವ ಬೇರುಗಂಟು ಜಂತುಹುಳುವಿಗೆ ಬೇವಿನ ಹಿಂಡಿ ಮತ್ತು ಚೆಂಡುಹೂವಿನ ಸರದಿ. ಚೆಂಡುಹೂವಿನ ಬೇರಿನಲ್ಲಿರುವ ಆಲ್ಫಾ ಟರ್ಥಿಯೆನಿಲ್ ಎಂಬ ವಸ್ತು ಆ ಹುಳುವನ್ನು ಕೊಲ್ಲುತ್ತದೆ. ಆದರೆ ಅಲ್ಲೊಂದು ಇಲ್ಲೊಂದು ಗಿಡ ನೆಟ್ಟರೆ ಪ್ರಯೋಜನವಿಲ್ಲ. ಇಡೀ ಮಡಿಯಲ್ಲಿ ಒತ್ತಾಗಿ ಬೆಳೆದು, ಅನಂತರ ಅದೇ ಮಡಿಗೆ ಕನಕಾಂಬರ ತರಬೇಕು. ಇದೇ ಚೆಂಡುಹೂವು ಟೊಮೆಟೊದ ಕಾಯಿಕೊರಕವನ್ನು ತನ್ನತ್ತ ಸೆಳೆಯುತ್ತದೆ. 16 ಸಾಲು ಟೊಮೆಟೊಗೆ ಒಂದು ಸಾಲು ಚೆಂಡುಹೂವು ಎಂಬ ಶಿಫಾರಸನ್ನು ಕೊಟ್ಟದ್ದು ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ. ಹೂವನ್ನು ತರಕಾರಿಯ ಕಾವಲಿಗೆ ನಿಲ್ಲಿಸುವ ಈ ವಿಜ್ಞಾನಕ್ಕೆ ಸಹಾಯಧನದ ಪಟ್ಟಿಯಲ್ಲಿ ಪ್ಲಾಸ್ಟಿಕ್ಕಿಗೆ ಸಿಕ್ಕ ಜಾಗ ಯಾಕಿಲ್ಲ?

ಇನ್ನೊಂದು ಫಲ ಲೆಕ್ಕದ ಪುಸ್ತಕಕ್ಕೆ ಬರುವುದಿಲ್ಲ. ಮಳೆಗಾಲವೆಂದರೆ ತುಡುವೆ ಜೇನಿನ ಬರಗಾಲ. ಸಾಕುವವರು ಪೆಟ್ಟಿಗೆಗೆ ಸಕ್ಕರೆ ಪಾಕ ಇಟ್ಟು ಕುಟುಂಬಗಳನ್ನು ಉಳಿಸಿಕೊಳ್ಳುತ್ತಾರೆ. ಮಳೆ ಬಿಟ್ಟ ಒಂದೆರಡು ಗಂಟೆಯಲ್ಲಿ ಆ ಜೇನಿಗೆ ಪರಾಗ ಕೊಡುವುದು ಅಂಗಳದ ಒಂಟಿ ಎಸಳಿನ ಡೇರೆ, ಕರ್ಣಕುಂಡಲ, ಚೆಂಡುಹೂವುಗಳು. ಅದೇ ತಿಂಗಳುಗಳಲ್ಲಿ ಏಲಕ್ಕಿ ಹೂ ಬಿಡುತ್ತದೆ, ಅದರ ಕಾಯಿ ಕಟ್ಟುವುದು ಜೇನಿನಿಂದಲೇ. 1991–92ರ ಸುಮಾರಿಗೆ ಥಾಯ್ ಸ್ಯಾಕ್‌ಬ್ರೂಡ್ ರೋಗ ಬಂದು ತುಡುವೆ ಗೂಡುಗಳು ಬರಿದಾದುದನ್ನು ಮಲೆನಾಡು ಮರೆತಿಲ್ಲ. ಬಲೆ ಬಿಗಿದ ಪಾಲಿಹೌಸಿನೊಳಗೆ ಸಾವಿರ ಹೂ ಅರಳಿದರೂ ಒಂದು ಜೇನಿಗೆ ಪ್ರವೇಶವಿಲ್ಲ.

ಘಟ್ಟದ ಕೆಳಗಿನ ಪಾಠ

ಸಣ್ಣ ಹಿಡುವಳಿಯ ತೆರೆದ ಹೂದೋಟ ಹೊಟ್ಟೆ ಹೊರೆಯುವುದೇ ಎಂಬ ಸಂದೇಹಕ್ಕೆ ಘಟ್ಟದ ಕೆಳಗೆ ಉತ್ತರವಿದೆ. ಉಡುಪಿ ಜಿಲ್ಲೆಯ ಶಂಕರಪುರದ ಸುತ್ತ ಮನೆಯ ಹಿತ್ತಿಲಲ್ಲೇ, ಹಲವೆಡೆ ಹತ್ತಾರು ಸೆಂಟ್ಸ್ ಜಾಗದಲ್ಲೇ ಮಲ್ಲಿಗೆ ಬೆಳೆಯುತ್ತಾರೆ. ಮುಂಜಾನೆ ಮೊಗ್ಗು ಕೊಯ್ದು, ಬಾಳೆನಾರಿನಲ್ಲಿ ಕಟ್ಟಿ ಚೆಂಡು ಮಾಡುತ್ತಾರೆ, ನಾಲ್ಕು ಚೆಂಡಿಗೆ ಒಂದು ಅಟ್ಟೆ. ದಿನದ ಬೆಲೆ ಊರಿನ ಮಾರುಕಟ್ಟೆಯಲ್ಲೇ ನಿಗದಿಯಾಗುತ್ತದೆ. ಉಡುಪಿ ಮಲ್ಲಿಗೆಗೆ ಭೌಗೋಳಿಕ ಸೂಚಕದ ಮಾನ್ಯತೆಯೂ ದೊರೆತಿದೆ. ಕರಾವಳಿಯ ಮಳೆ ಮಲೆನಾಡಿನ ಮಳೆಗಿಂತ ಕಡಿಮೆಯದೇನಲ್ಲ. ಆದರೂ ಅಲ್ಲಿ ಮಲ್ಲಿಗೆಗೆ ಪ್ಲಾಸ್ಟಿಕ್ ಸೂರು ಬೇಕಾಗಲಿಲ್ಲ. ಮಳೆಗಾಲದಲ್ಲಿ ಹೂ ಕಡಿಮೆ, ಬೆಲೆ ಹೆಚ್ಚು. ಬೇಸಗೆಯಲ್ಲಿ ಹೂ ಹೆಚ್ಚು, ಬೆಲೆ ಕಡಿಮೆ. ಇದರೊಂದಿಗೆ ಬದುಕಲು ಅಲ್ಲಿನವರು ಕಲಿತರು. ಆ ವ್ಯವಸ್ಥೆಯ ಬೆನ್ನೆಲುಬು ಊರೊಳಗಿನ ಸಂಗ್ರಹಣೆ, ಗೊತ್ತಾದ ಅಳತೆ ಮತ್ತು ದಿನವೂ ಪ್ರಕಟವಾಗುವ ಬೆಲೆ. ಈ ಮೂರರಲ್ಲಿ ಯಾವುದಕ್ಕೂ ಕಬ್ಬಿಣದ ಕೊಳವೆ ಬೇಕಿಲ್ಲ.

ತಮ್ಮ ಕಡೆಯ ತಪ್ಪುಗಳು

ಸಾವಯವದ ಹೆಸರು ಹೇಳುವವರೂ ಕೆಲವು ಪ್ರಶ್ನೆಗಳಿಗೆ ಉತ್ತರಿಸಬೇಕು. ಮೊದಲನೆಯದು ಸೊಪ್ಪು. ಉತ್ತರ ಕನ್ನಡದಲ್ಲಿ ಎಕರೆ ತೋಟಕ್ಕೆ ಒಂಬತ್ತು ಎಕರೆವರೆಗೂ ಸೊಪ್ಪಿನ ಬೆಟ್ಟದ ಹಕ್ಕಿದೆ. ಎಷ್ಟೋ ಬೆಟ್ಟಗಳು ಈಗಾಗಲೇ ಬೋಳಾಗಿವೆ. ಹೂದೋಟದ ಗೊಬ್ಬರಕ್ಕೆಂದು ಬೆಟ್ಟದ ಮೇಲೆ ಇನ್ನೊಂದು ಹೊರೆ ಹೊರಿಸಿದರೆ ಅದು ಸುಸ್ಥಿರ ಕೃಷಿಯಲ್ಲ, ಸುಲಿಗೆಯ ಇನ್ನೊಂದು ಹೆಸರು. ತೋಟದ ಸೋಗೆ, ಸಿಪ್ಪೆ, ಕಳೆ, ದೇವಸ್ಥಾನದ ನಿರ್ಮಾಲ್ಯ ಇವುಗಳ ಕಾಂಪೋಸ್ಟಿನಲ್ಲೇ ಹೂದೋಟ ನಡೆಯಬೇಕು.

ಎರಡನೆಯದು ಕಾಡಿನ ಹೂವು. ಸೀತಾಳೆ ದಂಡೆಯನ್ನು ಮರದಿಂದ ಗಿಡಸಹಿತ ಕೀಳುವುದು, ಸುರಗಿಯ ಮೊಗ್ಗಿಗಾಗಿ ಕೊಂಬೆಯನ್ನೇ ಕಡಿಯುವುದು ಕೃಷಿಯಲ್ಲ. ಮೂರನೆಯದು ಅಂದದ ಅಪಾಯ. ಕಾಡನ್ನು ಮುತ್ತಿರುವ ಲಂಟಾನ ಈ ದೇಶಕ್ಕೆ ಬಂದದ್ದು ಬ್ರಿಟಿಷರ ಉದ್ಯಾನದ ಅಲಂಕಾರವಾಗಿ. ಬಂಡೀಪುರ, ನಾಗರಹೊಳೆಯನ್ನು ಕಾಡುತ್ತಿರುವ ಸೆನ್ನ ಸ್ಪೆಕ್ಟಾಬಿಲಿಸ್ ಕೂಡ ಹಳದಿ ಹೂವಿನ ಚೆಲುವಿಗೆಂದೇ ನೆಟ್ಟ ಮರ. ನರ್ಸರಿಯಿಂದ ಬರುವ ಪ್ರತಿ ಹೊಸ ಗಿಡವನ್ನೂ ಈ ನೆನಪಿನಿಂದಲೇ ನೋಡಬೇಕು.

ನಾಲ್ಕನೆಯದು ಎಲ್ಲಕ್ಕಿಂತ ಮುಖ್ಯ. ಹೂ ಕೊಯ್ಯುವುದೂ ಕಟ್ಟುವುದೂ ಹೆಂಗಸರ ಕೆಲಸ. ಕೊಟ್ಟಿಗೆ, ಒಲೆ, ಮಕ್ಕಳ ಶಾಲೆಯ ಗಡಿಬಿಡಿಯ ನಡುವೆ ನಸುಕಿನಲ್ಲೇ ನಡೆಯುವ ಕೆಲಸ. ಹೂವಿನ ಹಣ ಗಂಡನ ಸಾಲದ ಖಾತೆಗೆ ಜಮೆಯಾಗುವುದಾದರೆ ಈ ತೋಟ ಅವರಿಗೆ ಇನ್ನೊಂದು ಬಿಟ್ಟಿ ದುಡಿಮೆ. ಹಣ ದುಡಿದವರ ಕೈಗೆ ಸೇರಬೇಕು.

ಆಗಬೇಕಾದ ಕೆಲಸ

ಒಂದು: 2,000 ಮಿ.ಮೀ.ಗಿಂತ ಹೆಚ್ಚು ಮಳೆ ಬೀಳುವ ತಾಲ್ಲೂಕುಗಳಲ್ಲಿ ಇಳಿಜಾರು ಕಡಿದು ಕಟ್ಟುವ ಪಾಲಿಹೌಸಿಗೆ ಸಹಾಯಧನ ನಿಲ್ಲಬೇಕು.

ಎರಡು: ಅದೇ ಹಣ ಏರುಮಡಿ, ಬಸಿಗಾಲುವೆ, ಕಾಂಪೋಸ್ಟ್ ಗುಂಡಿ, ಜೇನುಪೆಟ್ಟಿಗೆ, ಗಡ್ಡೆ–ಸಸಿಗಳ ಸ್ಥಳೀಯ ನರ್ಸರಿಗೆ ಸಲ್ಲಬೇಕು. ಐದು ಗುಂಟೆಯ ಬೆಳೆಗಾರ್ತಿಯೂ ಫಲಾನುಭವಿ ಎನಿಸಿಕೊಳ್ಳಬೇಕು.

ಮೂರು: ಮಲೆನಾಡಿನ ದೊಡ್ಡ ದೇವಸ್ಥಾನಗಳು ತಮ್ಮ ನಿತ್ಯದ ಹೂವಿನ ಒಂದು ಪಾಲನ್ನು ಸುತ್ತಲಿನ ಸ್ತ್ರೀಶಕ್ತಿ ಸಂಘಗಳಿಂದ ನಿಗದಿತ ಬೆಲೆಗೆ ಕೊಳ್ಳಬೇಕು. ಬಯಲುಸೀಮೆಯಿಂದ ಬಸ್ಸಿನಲ್ಲಿ ಬಂದ ಬಾಡಿದ ಬುಟ್ಟಿಗಿಂತ ಊರ ಹೂವು ದೇವರಿಗೂ ಹತ್ತಿರದ್ದು. ಮುಜರಾಯಿ ಇಲಾಖೆ ತನ್ನ ಅಧೀನದ ದೇವಸ್ಥಾನಗಳಲ್ಲಿ ಇದನ್ನು ಆರಂಭಿಸಬಹುದು.

ನಾಲ್ಕು: ಹೂವಿಗೂ ಕೀಟನಾಶಕ ಶೇಷದ ಮಿತಿ ಗೊತ್ತಾಗಬೇಕು.

ಇದಾವುದೂ ಅಡಿಕೆಯ ಆದಾಯವನ್ನು ಒಂದೇ ವರ್ಷದಲ್ಲಿ ಮರಳಿ ಕೊಡುವುದಿಲ್ಲ. ಹಾಗೆ ಭರವಸೆ ಕೊಡುವವರನ್ನು ನಂಬಿಯೇ ಮಲೆನಾಡು ಹಿಂದೆ ಹಲವು ಬಾರಿ ಕೆಟ್ಟಿದೆ. ಹೂದೋಟ ಕೊಡುವುದು ವಾರದ ಸಂತೆಯ ಖರ್ಚು, ಮಕ್ಕಳ ಶುಲ್ಕ, ಜೇನಿಗೆ ಪರಾಗ, ಮಣ್ಣಿಗೆ ಹೊದಿಕೆ. ಇವೆಲ್ಲಕ್ಕಿಂತ ದೊಡ್ಡದು, ಹೂವು ಸೋತ ವರ್ಷವೂ ತೋಟದ ಪಹಣಿ ಮನೆಯ ಪೆಟ್ಟಿಗೆಯಲ್ಲೇ ಇರುತ್ತದೆ. ಡೇರೆಯ ಗಡ್ಡೆ ಮಳೆಗೆ ಕೊಳೆತರೆ ನೆರೆಮನೆಯಿಂದ ಇನ್ನೊಂದನ್ನು ತರಬಹುದು. ಬ್ಯಾಂಕಿಗೆ ಹೋದ ಜಮೀನನ್ನು ಹಾಗೆ ತರಲಾಗದು.